ಸಸ್ಪೆನ್ಷನ್ ಮುಟ್ಟದೆ ಪಿಕಪ್‌ಗೆ ದೊಡ್ಡ ಟೈರು: ನನ್ನ ಅನುಭವ

ನನ್ನದು 2017ರ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್. ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆ ನಮ್ಮ ಕಾಫಿ ತೋಟ. ಗೊಬ್ಬರದ ಮೂಟೆ, ಔಷಧಿ ಡ್ರಮ್ಮು, ಮೆಣಸಿನ ಬಳ್ಳಿಯ ಸಸಿ ಎಲ್ಲವೂ ಈ ಗಾಡಿಯಲ್ಲೇ ತೋಟದೊಳಕ್ಕೆ ಹೋಗಬೇಕು. ಮನೆಯವರು ಹಾಸನಕ್ಕೆ ಹೊರಟರೂ ಇದೇ ಗಾಡಿ. ಕಂಪನಿಯಿಂದ ಬಂದ ಟೈರಿನ ಅಳತೆ 245/70 ಆರ್ 16. ಟಾರು ರಸ್ತೆಯಲ್ಲಿ ಅದರ ಮೇಲೆ ನನಗೆ ಯಾವ ದೂರೂ ಇರಲಿಲ್ಲ. ಆದರೆ ಪುನರ್ವಸು, ಪುಷ್ಯ ಮಳೆ ಹಿಡಿದುಬಿಟ್ಟರೆ ತೋಟದ ಏರಿನಲ್ಲಿ ಬಟನ್‌ಗಳ, ಅಂದರೆ ಟೈರಿನ ಮೇಲ್ಮೈಯ ಉಬ್ಬುಗಳ, ಸಂದಿಗೆಲ್ಲ ಜೇಡಿಮಣ್ಣು ತುಂಬಿ ಟೈರು ನುಣ್ಣಗಾಗುತ್ತಿತ್ತು. ಫೋರ್ ವೀಲ್ ಹಾಕಿ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಕೊಟ್ಟರೂ ಗಾಡಿ ಮುಂದಕ್ಕೆ ಹತ್ತುವ ಬದಲು ಚರಂಡಿಯ ಕಡೆಗೆ ಜಾರುತ್ತಿತ್ತು. ದಪ್ಪ ಬಟನ್‌ನ ಆಲ್ ಟೆರೇನ್ ಟೈರು ಬೇಕೇಬೇಕೆಂದು ಆಗಲೇ ನಿರ್ಧರಿಸಿದೆ. ಟೈರು ಬದಲಿಸುವುದಾದರೆ ಸ್ವಲ್ಪ ಎತ್ತರದ್ದನ್ನೇ ಹಾಕಿಸೋಣ ಎಂಬುದು ಅದರ ಜೊತೆಗೆ ಬಂದ ಯೋಚನೆ.

ಸಸ್ಪೆನ್ಷನ್ ಎತ್ತರಿಸುವ ಕಿಟ್ ಬೇಡ ಎಂಬುದೂ ಮೊದಲೇ ತೀರ್ಮಾನವಾಗಿತ್ತು. ಈ ಗಾಡಿಯ ಮುಂಭಾಗದಲ್ಲಿ ಕಾಯಿಲ್ ಸ್ಪ್ರಿಂಗ್, ಹಿಂಭಾಗದಲ್ಲಿ ಪಟ್ಟಿಯ ಸ್ಪ್ರಿಂಗ್. ಮುಂಭಾಗವನ್ನು ಎತ್ತರಿಸಿದರೆ ಆಕ್ಸಲ್ ಶಾಫ್ಟ್ ಓರೆಯಾಗಿ ಕೆಲಸ ಮಾಡಬೇಕಾಗುತ್ತದೆ. ಜಾಯಿಂಟಿನ ಮೇಲೂ ಅದರ ರಬ್ಬರ್ ಬೂಟಿನ ಮೇಲೂ ಹೊರೆ ಹೆಚ್ಚುತ್ತದೆ. ವಯಸ್ಸಾದ ತಾಯಿ ಹತ್ತಿ ಇಳಿಯುವ ಗಾಡಿಯನ್ನು ಇನ್ನಷ್ಟು ಎತ್ತರಿಸುವುದೂ ನನಗೆ ಸರಿ ಕಾಣಲಿಲ್ಲ. ಹೀಗಾಗಿ ಪ್ರಶ್ನೆ ಒಂದೇ ಉಳಿಯಿತು: ಇರುವ ಸಸ್ಪೆನ್ಷನ್ನಿಗೆ ಎಷ್ಟು ದೊಡ್ಡ ಟೈರು ನಿಜವಾಗಿ ಹಿಡಿಸುತ್ತದೆ?

ಲೆಕ್ಕ ಸುಲಭ. 245/70 ಆರ್ 16 ಎಂದರೆ ಅಗಲ 245 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 70, ರಿಮ್ಮು 16 ಇಂಚು. ಕೂಡಿದರೆ ಟೈರಿನ ಒಟ್ಟು ಎತ್ತರ ಸುಮಾರು 749 ಮಿ.ಮೀ. ಅದೇ ರಿಮ್ಮಿಗೆ ಕೂರುವ 265/70 ಆರ್ 16ರ ಎತ್ತರ 777 ಮಿ.ಮೀ., ಅಂದರೆ ಶೇ 3.7ರಷ್ಟು ಹೆಚ್ಚು. ಅದಕ್ಕೂ ಮೇಲಿನ 265/75 ಆರ್ 16ರದು 804 ಮಿ.ಮೀ., ಶೇ 7.3 ಹೆಚ್ಚು. ಟೈರು 28 ಮಿ.ಮೀ. ಬೆಳೆದರೆ ಗಾಡಿ ಏರುವುದು ಅದರ ಅರ್ಧ, ಬರೀ 14 ಮಿ.ಮೀ. ನೆಲದಿಂದ ಭಾರಿ ಎತ್ತರ ಸಿಗುತ್ತದೆಂದು ದೊಡ್ಡ ಟೈರಿಗೆ ಕೈ ಹಾಕುವವರು ಈ ಲೆಕ್ಕವನ್ನು ಮೊದಲು ಹಾಕಬೇಕು. ನನಗೆ ಬೇಕಾಗಿದ್ದದ್ದು ಹಿಡಿತ. ಎತ್ತರ ಎಷ್ಟು ಬಂದರೂ ಲಾಭವೇ.

ಹಾಸನದ ಟೈರು ಅಂಗಡಿಯ ಹುಡುಗ 265/75ನ್ನೇ ಹಾಕಿಸಿ ಎಂದು ಪಟ್ಟು ಹಿಡಿದ. ‘ಅಣ್ಣಾ, ಇಲ್ಲಿ ನೋಡಿ, ಕೈ ಪೂರ್ತಿ ಒಳಗೆ ಹೋಗುತ್ತದೆ. ಇಷ್ಟು ಜಾಗ ಖಾಲಿ ಇದೆಯಲ್ಲ’ ಎಂದು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸಿ ತೋರಿಸಿದ. ಬಹಳಷ್ಟು ಜನ ನಂಬುವುದು ಈ ಕೈ ಅಳತೆಯನ್ನೇ. ಆದರೆ ಆ ಜಾಗ ಖಾಲಿಯಲ್ಲ. ಗುಂಡಿಗೆ ಇಳಿದಾಗ ಚಕ್ರ ಮೇಲಕ್ಕೆ ಬರಲು, ಸ್ಟೇರಿಂಗ್ ತಿರುಗಿಸಿದಾಗ ಟೈರಿನ ಅಂಚು ಸುತ್ತಲು ಬಿಟ್ಟಿರುವ ಜಾಗ ಅದು. ಸಮತಟ್ಟಾದ ಅಂಗಡಿಯ ನೆಲದಲ್ಲಿ, ನೇರವಾಗಿ ನಿಂತ ಗಾಡಿಯಲ್ಲಿ ಆ ಜಾಗದ ಲೆಕ್ಕ ಸಿಗುವುದಿಲ್ಲ. ಚಕ್ರ ಪೂರ್ತಿ ಮೇಲೆ ಬಂದಿರಬೇಕು, ಸ್ಟೇರಿಂಗ್ ಪೂರ್ತಿ ತಿರುಗಿರಬೇಕು. ಆಗ ಉಳಿಯುವ ಜಾಗವೇ ನಿಜವಾದ ಜಾಗ.

ಅದನ್ನು ಅಳೆಯಲು ತೋಟದ ಕಣವೇ ಒಳ್ಳೆಯ ಸ್ಥಳವಾಯಿತು. ಪರಿಚಯದ ಬೆಳೆಗಾರರೊಬ್ಬರ ಇದೇ ಮಾದರಿಯ ಗಾಡಿಗೆ ಸಸ್ಪೆನ್ಷನ್ ಎತ್ತರಿಸಿ 265/75 ಹಾಕಿಸಿದ್ದಾರೆ. ಅವರಿಂದ ಒಂದು ಚಕ್ರವನ್ನು ರಿಮ್ಮಿನ ಸಮೇತ ಕೇಳಿ ತಂದೆ. 265/70ರದ್ದೊಂದನ್ನು ಅಂಗಡಿಯವರೇ ನನ್ನ ಸ್ಟೆಪ್ನಿಯ ರಿಮ್ಮಿಗೆ ಕೂರಿಸಿ ಕೊಟ್ಟರು. ಎರಡನ್ನೂ ಒಂದಾದ ಮೇಲೊಂದರಂತೆ ಎಡಗಡೆಯ ಮುಂದಿನ ಚಕ್ರದ ಜಾಗಕ್ಕೆ ಹಾಕಿ ನೋಡುವುದು ನಮ್ಮ ಯೋಜನೆ.

ಹಳ್ಳದ ಬದಿಯಿಂದ ತಂದ ಜೇಡಿಮಣ್ಣನ್ನು ಅಕ್ಕಿರೊಟ್ಟಿಯ ಹಿಟ್ಟಿನ ಹದಕ್ಕೆ ನಾದಿ, ಎರಡು ಬೆರಳು ದಪ್ಪದ ಬಿಲ್ಲೆಗಳನ್ನು ಮಾಡಿದೆವು. ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಲೈನರನ್ನು ಚೆನ್ನಾಗಿ ಒರೆಸಿ ಆ ಬಿಲ್ಲೆಗಳನ್ನು ಅಂಟಿಸಿದೆವು: ನೆತ್ತಿಗೆ ಒಂದು, ಬಂಪರಿನ ಮೂಲೆಗೆ ಒಂದು, ಬಾಗಿಲ ಕಡೆಯ ಹಿಂದಿನ ಇಳಿಜಾರಿಗೆ ಎರಡು, ಮಡ್ ಫ್ಲಾಪಿಗೆ ಒಂದು. ಟೈರಿನ ಒಳಮೈಗೆ ಎದುರಾಗಿರುವ ಸಸ್ಪೆನ್ಷನ್ನಿನ ಮೇಲಿನ ತೋಳಿಗೂ ತೆಳ್ಳಗೆ ಒಂದು ಬಿಲ್ಲೆ. ಟೈರಿಗೆ ಮಣ್ಣು ಹತ್ತಿಕೊಳ್ಳದಂತೆ ನೀರು ಸವರಿದೆವು. ನಂತರ ಎಡ ಮುಂದಿನ ಚಕ್ರವನ್ನೂ ಬಲ ಹಿಂದಿನ ಚಕ್ರವನ್ನೂ ದಪ್ಪ ಹಲಗೆಗಳ ಮೇಲೆ ಹತ್ತಿಸಿದೆ. ಹೀಗೆ ಎದುರು ಮೂಲೆಗಳು ಏರಿದಾಗ ಆ ಎರಡೂ ಸ್ಪ್ರಿಂಗ್‌ಗಳು ಚೆನ್ನಾಗಿ ಅದುಮುತ್ತವೆ. ಬರೀ ಮುಂದಿನ ಎರಡು ಚಕ್ರ ಹತ್ತಿಸಿದರೆ ಗಾಡಿಯ ಮೂತಿ ಏರುತ್ತದೆಯೇ ಹೊರತು ಸ್ಪ್ರಿಂಗ್ ಅಷ್ಟು ಅದುಮುವುದಿಲ್ಲ. ಆ ಸ್ಥಿತಿಯಲ್ಲಿ ಸ್ಟೇರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತಿರುಗಿಸಿದೆ. ಆಮೇಲೆ ಹಲಗೆಯಿಂದ ಇಳಿಸಿ, ಸ್ಟೇರಿಂಗ್ ಪೂರ್ತಿ ತಿರುಗಿಸಿಟ್ಟು, ಟೂ ವೀಲ್‌ನಲ್ಲೇ ನಿಧಾನವಾಗಿ ಮುಂದಕ್ಕೆ ಹಿಂದಕ್ಕೆ ಚಲಿಸಿದೆ. ಹಿಮ್ಮುಖ ಚಲನೆಯನ್ನು ಬಿಡಬಾರದು. ಮುಂದಕ್ಕೆ ಹೋಗುವಾಗ ಮುಟ್ಟದ ಟೈರು ರಿವರ್ಸ್‌ನಲ್ಲಿ ಮುಟ್ಟುವುದುಂಟು.

265/75ರ ಫಲಿತಾಂಶವನ್ನು ನೋಡಲು ಬಗ್ಗಬೇಕಾಗಲೂ ಇಲ್ಲ. ಹಿಂದಿನ ಇಳಿಜಾರಿನ ಎರಡೂ ಬಿಲ್ಲೆಗಳು ಚಪ್ಪಟೆಯಾಗಿ, ನಡುವೆ ಲೈನರಿನ ಕಪ್ಪು ಪ್ಲಾಸ್ಟಿಕ್ ಕಾಣುತ್ತಿತ್ತು. ಅಂಚಿನಲ್ಲಿ ಉಳಿದ ಮಣ್ಣಿನ ಮೇಲೆ ಬಟನ್‌ಗಳ ಅಚ್ಚು ಒಂದೊಂದಾಗಿ ಮೂಡಿತ್ತು. ಆ ಪ್ಲಾಸ್ಟಿಕ್ಕಿನ ಹಿಂದೆ ಇರುವುದು ಬಾಡಿಯ ತಗಡಿನ ಬೆಸುಗೆಯ ಅಂಚು. ಅದನ್ನು ಸುತ್ತಿಗೆಯಿಂದ ಬಡಿದು ಮಡಿಸಿ, ಗ್ರೈಂಡರ್ ಹಿಡಿದು ಜಾಗ ಮಾಡಿಕೊಡುವವರು ಇದ್ದಾರೆ. ವರ್ಷದಲ್ಲಿ ಆರು ತಿಂಗಳು ತೇವ ಆರದ ನಮ್ಮ ಮಲೆನಾಡಿನಲ್ಲಿ ಬಣ್ಣ ಕಿತ್ತ ತಗಡು ಎಷ್ಟು ಬೇಗ ತುಕ್ಕು ತಿನ್ನುತ್ತದೆಂದು ಬಲ್ಲವರು ಅದಕ್ಕೆ ಒಪ್ಪಬಾರದು.

265/70 ಹಾಕಿದಾಗ ನೆತ್ತಿಯ ಬಿಲ್ಲೆಗೆ ಏನೂ ಆಗಿರಲಿಲ್ಲ. ಹಿಂದಿನ ಇಳಿಜಾರಿನಲ್ಲಿ ಕೆಳಗಿನ ಬಿಲ್ಲೆ ಮಾತ್ರ ಸ್ವಲ್ಪ ಸವರಿ, ಒಂದು ಬೆರಳಿಗಿಂತ ಹೆಚ್ಚು ದಪ್ಪ ಉಳಿದಿತ್ತು. ಒಳಗಿನ ತೋಳಿನ ಬಿಲ್ಲೆಯೂ ಕ್ಷೇಮ. ರಿವರ್ಸ್‌ನಲ್ಲಿ, ಸ್ಟೇರಿಂಗ್ ತುದಿ ಮುಟ್ಟಿದಾಗ ಮಡ್ ಫ್ಲಾಪಿನ ಮಣ್ಣು ಮಾತ್ರ ಕಿತ್ತು ಬಂತು. ಮೆಕ್ಯಾನಿಕ್ ಫ್ಲಾಪಿನ ಸ್ಕ್ರೂ ಬಿಚ್ಚಿ, ಅದನ್ನು ಒಂದಿಷ್ಟು ಹಿಂದಕ್ಕೆ ಸರಿಸಿ, ಹೊಸ ರಂಧ್ರದಲ್ಲಿ ಬಿಗಿದರು. ಅದರ ಪಕ್ಕದ ಲೈನರಿನ ಅಂಚನ್ನು ಬಿಸಿ ಗಾಳಿಯ ಗನ್ನಿನಿಂದ ಮೆತ್ತಗೆ ಮಾಡಿ ಒಳಕ್ಕೆ ಒತ್ತಿದರು. ಮತ್ತೆ ಬಿಲ್ಲೆ ಅಂಟಿಸಿ ನೋಡಿದೆವು, ಎಲ್ಲಿಯೂ ಮುಟ್ಟಲಿಲ್ಲ.

ಒಂದು ಬೆರಳು ಜಾಗ ಸಾಲದೇ ಎಂದು ಕೇಳುವವರಿಗೆ ಹೇಳುತ್ತೇನೆ: ಒಣ ನೆಲದಲ್ಲಿ ಸಾಕು, ಮಳೆಗಾಲಕ್ಕೆ ಅದು ಕನಿಷ್ಠ. ಬಟನ್‌ಗಳ ಮೇಲೆ ಮೆತ್ತಿಕೊಳ್ಳುವ ಕೆಸರು, ಅದರ ಜೊತೆ ಎದ್ದು ಬರುವ ಜಲ್ಲಿ ಇವಕ್ಕೂ ಜಾಗ ಬೇಕು. ಕೂದಲೆಳೆಯಷ್ಟು ಅಂತರದಲ್ಲಿ ತಪ್ಪಿಸಿಕೊಂಡ ಟೈರು ಜುಲೈನಲ್ಲಿ ಲೈನರನ್ನು ಹರಿದುಹಾಕುತ್ತದೆ.

ಹಿಂದಿನ ಚಕ್ರಗಳು ತಿರುಗುವುದಿಲ್ಲವಾದ್ದರಿಂದ ಅಲ್ಲಿ ಹೊರೆಯದ್ದೊಂದೇ ಲೆಕ್ಕ. ಆಕ್ಸಲ್ ಮೇಲೆ ಬಂದಾಗ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್ ತುಂಡು, ಬಂಪ್ ಸ್ಟಾಪ್, ಒಂದಿದೆ. ಆ ರಬ್ಬರಿಗೂ ಆಕ್ಸಲ್ಲಿಗೂ ಇರುವ ಅಂತರವನ್ನು ಅಳೆಯಿರಿ. ಟೈರಿನ ನೆತ್ತಿಗೂ ಮಡ್‌ಗಾರ್ಡಿಗೂ ಇರುವ ಅಂತರವನ್ನೂ ಅಳೆಯಿರಿ. ಎರಡನೆಯದು ಸಾಕಷ್ಟು ಹೆಚ್ಚಿದ್ದರೆ ಟೈರು ಬಾಡಿಗೆ ತಗಲುವ ಮೊದಲೇ ಆಕ್ಸಲ್ ನಿಲ್ಲುತ್ತದೆ. ನನ್ನ ಗಾಡಿಯಲ್ಲಿ ಮೂರು ಬೆರಳಿಗೂ ಮಿಗಿಲಾದ ವ್ಯತ್ಯಾಸ ಉಳಿಯಿತು.

ಇನ್ನು ಟೈರಿನ ಆಯ್ಕೆ. ಪಕ್ಕದಲ್ಲಿ ಅಚ್ಚಾಗಿರುವ ಹೊರೆ ಸೂಚ್ಯಂಕ ಹಳೆಯ ಟೈರಿಗಿಂತ ಕಡಿಮೆ ಇರಲೇಬಾರದು. 111 ಎಂದಿದ್ದರೆ ಒಂದು ಟೈರು 1,090 ಕಿಲೋ ಹೊರುತ್ತದೆ, 112 ಎಂದಿದ್ದರೆ 1,120 ಕಿಲೋ. ನಾನು 112ರದ್ದನ್ನು ಆರಿಸಿದೆ. ಇದೇ ಅಳತೆಯಲ್ಲಿ ಎಲ್‌ಟಿ (ಲೈಟ್ ಟ್ರಕ್) ಎಂಬ ಗುರುತಿನ, ಇನ್ನೂ ದಪ್ಪ ಗೋಡೆಯ ಟೈರುಗಳೂ ಸಿಗುತ್ತವೆ. ಕಾಫಿ ಬೊಡ್ಡೆ, ಚೂಪು ಕಲ್ಲು ಪಕ್ಕಕ್ಕೆ ಚುಚ್ಚುವ ನಮ್ಮಂಥ ತೋಟಗಳಿಗೆ ಅದರ ಆಕರ್ಷಣೆ ದೊಡ್ಡದೇ. ಆದರೆ ತೂಕ ಹೆಚ್ಚು, ಅದೇ ಹೊರೆಗೆ ಗಾಳಿಯೂ ಹೆಚ್ಚು ಬೇಕು. ಖಾಲಿ ಗಾಡಿ ಕಲ್ಲುರಸ್ತೆಯಲ್ಲಿ ಕುಣಿಯುತ್ತದೆ. ಮೂಲ ಸ್ಪ್ರಿಂಗು, ಮೂಲ ಶಾಕ್ ಅಬ್ಸಾರ್ಬರ್ ಇಟ್ಟುಕೊಂಡವರಿಗೆ ಸಾಧಾರಣ ಗೋಡೆಯ ಟೈರೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಕಾಫಿ ತೂಗುವ ತಕ್ಕಡಿಯಲ್ಲೇ ಎರಡನ್ನೂ ಇಟ್ಟು ನೋಡಿದೆ: ರಿಮ್ಮು ಸೇರಿ ಹಳೆಯ ಚಕ್ರ 26 ಕಿಲೋ, ಹೊಸದು 31. ಒಂದೊಂದು ಚಕ್ರಕ್ಕೆ ಐದು ಕಿಲೋ ಹೆಚ್ಚಾದದ್ದನ್ನು ಶಾಕ್ ಅಬ್ಸಾರ್ಬರೂ ಬ್ರೇಕೂ ಪ್ರತಿ ಕ್ಷಣ ಹೊರಬೇಕು.

ರಿಮ್ಮು ಕಂಪನಿಯದ್ದೇ. ಒಳಗೆ 7 ಜೆ ಎಂಬ ಅಚ್ಚು ಇದೆ, ಅಂದರೆ ಅಗಲ ಏಳು ಇಂಚು. 265/70ಕ್ಕೆ ಅದು ಸಲ್ಲುವ ಅಗಲ, ಅದಕ್ಕಿಂತ ಕಿರಿದಾದ ರಿಮ್ಮು ಸಲ್ಲದು. ಹೊರಕ್ಕೆ ಚಾಚುವ ರಿಮ್ಮು ಅಥವಾ ಚಕ್ರವನ್ನು ಹೊರಕ್ಕೆ ಸರಿಸುವ ಸ್ಪೇಸರ್ ಹಾಕಿದರೆ ಸ್ಟೇರಿಂಗ್ ತಿರುಗಿಸಿದಾಗ ಟೈರು ಇನ್ನೂ ದೊಡ್ಡ ವೃತ್ತದಲ್ಲಿ ಸುತ್ತುತ್ತದೆ, ಜೇಡಿಮಣ್ಣಿನಲ್ಲಿ ಮಾಡಿದ ಅಳತೆಯೆಲ್ಲ ವ್ಯರ್ಥವಾಗುತ್ತದೆ. ಟೈರು ಕೂರಿಸುವ ಮೊದಲು ತಯಾರಾದ ವಾರ ಮತ್ತು ವರ್ಷದ ನಾಲ್ಕಂಕಿ ಗುರುತನ್ನು ಐದೂ ಟೈರಿನಲ್ಲಿ ಓದಿದೆ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಅಲ್ಲೇ ಮಾಡಿಸಿದೆ. ಊರಿಗೆ ಬಂದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿದೆ.

ಐದನೆಯ ಟೈರು ಏಕೆ ಎಂದು ಅನೇಕರು ಕೇಳುತ್ತಾರೆ. ಫೋರ್ ವೀಲ್ ಹಾಕಿದಾಗ ಈ ಗಾಡಿಯ ಮುಂದಿನ, ಹಿಂದಿನ ಆಕ್ಸಲ್‌ಗಳು ಒಂದೇ ವೇಗದಲ್ಲಿ ಸುತ್ತುವಂತೆ ಬೆಸೆದುಕೊಳ್ಳುತ್ತವೆ. ನಡುವೆ ಒಂದು ಚಕ್ರ ಮಾತ್ರ ಚಿಕ್ಕದಾಗಿದ್ದರೆ ಗೇರುಗಳ ಮೇಲೆ ಬೇಡದ ಒತ್ತಡ ಬೀಳುತ್ತದೆ. ಪಂಕ್ಚರ್ ಆಗುವುದು ತೋಟದ ಏರಿನಲ್ಲೇ, ಫೋರ್ ವೀಲ್ ಬೇಕಾದ ಜಾಗದಲ್ಲೇ. ಹಾಗಾಗಿ ಸ್ಟೆಪ್ನಿಯೂ ಅದೇ ಅಳತೆಯದಿರಬೇಕು. ಟ್ರೇ ಕೆಳಗಿನ ಸರಪಳಿಯಲ್ಲಿ ದೊಡ್ಡ ಸ್ಟೆಪ್ನಿ ಪೂರ್ತಿ ಮೇಲೇರಿ ಕೂರುತ್ತದೆಯೇ ಎಂದು ಹಣ ಕೊಡುವ ಮೊದಲೇ ನೋಡಿಕೊಳ್ಳಿ. ನನ್ನದರಲ್ಲಿ ಕೂತಿತು.

ಓಡಿಸುವಾಗ ಕಂಡ ಬದಲಾವಣೆಗೆ ಬರುತ್ತೇನೆ. ಹಾಸನ–ಚನ್ನರಾಯಪಟ್ಟಣ ಹೆದ್ದಾರಿಯಲ್ಲಿ ಮೊಬೈಲಿನ ಜಿಪಿಎಸ್ ಇಟ್ಟು ನೋಡಿದೆ. ಹಳೆಯ ಟೈರಿನಲ್ಲಿ ಮೀಟರ್ 80 ತೋರಿಸಿದಾಗ ನಿಜವಾದ ವೇಗ 76 ಇತ್ತು, ಈಗ 79. ಕಂಪನಿಯವರು ಸ್ಪೀಡೋಮೀಟರನ್ನು ಸ್ವಲ್ಪ ಹೆಚ್ಚು ತೋರಿಸುವಂತೆಯೇ ಇಟ್ಟಿರುತ್ತಾರೆ. 265/70 ಆ ಅಂತರವನ್ನು ತಿಂದುಹಾಕಿದೆ. 265/75 ಆಗಿದ್ದರೆ ನಿಜವಾದ ವೇಗ ಮೀಟರನ್ನು ದಾಟಿಹೋಗುತ್ತಿತ್ತು. ಕಿಲೋಮೀಟರ್ ಲೆಕ್ಕವೂ ಕಡಿಮೆಯಾಗುತ್ತದೆ. ಮೈಲೇಜ್ ಬಿದ್ದುಹೋಯಿತೆಂದು ಗಾಬರಿಯಾಗುವ ಮೊದಲು ಓಡಿದ ದೂರವನ್ನು 1.037ರಿಂದ ಗುಣಿಸಿ. ನನಗೆ ಲೀಟರಿಗೆ ಸುಮಾರು ಹನ್ನೆರಡೂವರೆ ಬರುತ್ತಿತ್ತು. ಸರಿಯಾದ ಲೆಕ್ಕದಲ್ಲಿ ಈಗ ಹನ್ನೊಂದು ಮುಕ್ಕಾಲಿನ ಹತ್ತಿರ ಇದೆ.

ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಮೊದಲು ಮೂರನೇ ಗೇರಿನಲ್ಲಿ ಎಳೆಯುತ್ತಿದ್ದ ತಿರುವುಗಳಲ್ಲಿ ಈಗ ಎರಡಕ್ಕೆ ಇಳಿಸುತ್ತೇನೆ. ಇಳಿಯುವಾಗಲೂ ಹಾಗೆಯೇ, ಭಾರದ ಚಕ್ರವನ್ನು ನಿಲ್ಲಿಸಲು ಬ್ರೇಕಿಗೆ ಹೆಚ್ಚು ಶ್ರಮ; ಗೇರಿನ ಹಿಡಿತದಲ್ಲೇ ಇಳಿಸುವುದು ಕ್ಷೇಮ. ತೋಟದ ಏರಿನಲ್ಲಿ ಮಾತ್ರ ಕೊಟ್ಟ ಹಣಕ್ಕೆಲ್ಲ ಬೆಲೆ ಸಿಕ್ಕಿತು. ಆಶ್ಲೇಷ ಮಳೆಯ ನಡುವೆ, ಹಿಂದೆ ಟ್ರ್ಯಾಕ್ಟರ್ ಕರೆಸಬೇಕಾಗುತ್ತಿದ್ದ ತಿರುವಿನಲ್ಲಿ ಗಾಡಿ ಮಣ್ಣು ಉಗುಳುತ್ತಾ ಹತ್ತಿತು, ಒಮ್ಮೆಯೂ ಅಡ್ಡಕ್ಕೆ ಸರಿಯಲಿಲ್ಲ.

ಗಾಳಿ ಎಷ್ಟಿರಬೇಕು ಎಂಬುದಕ್ಕೆ ಬಾಗಿಲಿನ ಸ್ಟಿಕರ್ ಹಳೆಯ ಅಳತೆಯ ಉತ್ತರ ಕೊಡುತ್ತದೆ. ನಾನು ಅದರಿಂದ ಶುರು ಮಾಡಿ, ಟೈರಿನ ಅಡ್ಡಕ್ಕೆ ಸೀಮೆಸುಣ್ಣದ ದಪ್ಪ ಗೆರೆ ಎಳೆದು, ನೇರವಾದ ಟಾರು ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ನೋಡಿದೆ. ಗೆರೆ ನಡುವೆ ಮಾತ್ರ ಅಳಿಸಿದರೆ ಗಾಳಿ ಹೆಚ್ಚು, ಅಂಚುಗಳಲ್ಲಿ ಮಾತ್ರ ಅಳಿಸಿದರೆ ಕಡಿಮೆ. ಖಾಲಿ ಗಾಡಿಗೆ ಮುಂದೆ 30, ಹಿಂದೆ 28 ಪಿಎಸ್‌ಐನಲ್ಲಿ ಗೆರೆ ಸಮನಾಗಿ ಅಳಿಸಿತು. ಮೂಟೆ ಹಾಕಿದಾಗ ಹಿಂದಿನದನ್ನು ಏರಿಸುತ್ತೇನೆ, ಟೈರಿನ ಮೇಲೆ ಬರೆದ ಗರಿಷ್ಠ ಮಿತಿಯನ್ನು ದಾಟುವುದಿಲ್ಲ.

ಕಾನೂನಿನ ಮಾತನ್ನೂ ಹೇಳಲೇಬೇಕು. ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎಂದು ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದು ಇಂಥ ಬದಲಾವಣೆಗಳನ್ನೇ. ಆದ್ದರಿಂದ ಟೈರು ಹಾಕಿಸುವ ಮೊದಲೇ ವಿಮೆಯವರಿಗೆ ಬರೆದು ತಿಳಿಸಿ, ಅವರ ಉತ್ತರವನ್ನು ಗಾಡಿಯ ಕಡತದಲ್ಲಿ ಇಟ್ಟಿದ್ದೇನೆ. ಹಳೆಯ ಟೈರುಗಳನ್ನು ಮಾರದೆ ಗೋದಾಮಿನಲ್ಲಿ ಬಿಸಿಲು ತಾಗದಂತೆ ನಿಲ್ಲಿಸಿದ್ದೇನೆ. ಮೂಲ ಅಳತೆಗೆ ಮರಳಬೇಕೆಂದರೆ ಒಂದು ಬೆಳಗಿನ ಕೆಲಸ.

ಈಗ 8,000 ಕಿಲೋಮೀಟರಿಗೊಮ್ಮೆ ಸ್ಟೆಪ್ನಿಯನ್ನೂ ಸೇರಿಸಿ ಐದು ಟೈರುಗಳ ಜಾಗ ಬದಲಿಸುತ್ತೇನೆ. ಆಗ ಮಡ್‌ಗಾರ್ಡಿನ ಒಳಗೆ ಟಾರ್ಚ್ ಬಿಟ್ಟು ಲೈನರಿನ ಮೇಲೆ ಹೊಸ ಹೊಳಪಿನ ಗೀರು ಬಿದ್ದಿದೆಯೇ ಎಂದೂ ನೋಡುತ್ತೇನೆ. ಸ್ಪ್ರಿಂಗ್ ಹಳೆಯದಾಗಿ ಕುಸಿಯತೊಡಗಿದರೆ ಅದರ ಸುಳಿವು ಮೊದಲು ಸಿಗುವುದು ಅಲ್ಲಿಯೇ.