ಇಂಗ್ಲೆಂಡಿನಲ್ಲಿ ಬಸಿರಿನಿಂದ ಮುಪ್ಪಿನವರೆಗೆ: ಸಿಗಬೇಕಾದ ಆರೋಗ್ಯ ಸೌಲಭ್ಯ ಕೈತಪ್ಪದಿರಲಿ

ಬಡವ-ಬಲ್ಲಿದರ ಆರೋಗ್ಯದ ಅಂತರ ತಾಯಿಯ ಹೊಟ್ಟೆಯಲ್ಲೇ ಶುರುವಾಗಿ ಬದುಕಿಡೀ ಬೆಳೆಯುತ್ತದೆ ಎಂದು 2010ರ ಮಾರ್ಮಟ್ ವರದಿ ಇಲ್ಲಿನ ಸರ್ಕಾರಕ್ಕೆ ಹೇಳಿತು. ನೆರವು ಎಲ್ಲರಿಗೂ ಇರಲಿ, ಕೊರತೆ ಹೆಚ್ಚಿದ್ದಲ್ಲಿ ಹೆಚ್ಚಿರಲಿ ಎಂಬುದು ಅದರ ಸಲಹೆ. ಇಲ್ಲಿ ಒಂದೊಂದು ವಯಸ್ಸಿಗೆ ಒಂದೊಂದು ಸೌಲಭ್ಯವಿದೆ. ವೀಸಾಕ್ಕೆಂದು ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್ಚಾರ್ಜ್ (ಆರೋಗ್ಯ ಶುಲ್ಕ) ಕಟ್ಟಿಯೂ ಇಲ್ಲಿರುವ ನಮ್ಮ ಕನ್ನಡಿಗರು ಹಲವನ್ನು ಬಿಟ್ಟುಬಿಡುತ್ತಾರೆ. ವೀಸಾದ ಮೇಲಿರುವ 'ನೋ ಪಬ್ಲಿಕ್ ಫಂಡ್ಸ್' (ಕೆಲವು ಸರ್ಕಾರಿ ನೆರವು ಪಡೆಯುವಂತಿಲ್ಲ) ಎಂಬ ಸಾಲಿನ ಹೆದರಿಕೆಯೂ ಇದಕ್ಕೆ ಒಂದು ಕಾರಣ. ಹಾಗೆ ಪಡೆಯಬಾರದ ನೆರವಿನ ಪಟ್ಟಿಯಲ್ಲಿ ಯೂನಿವರ್ಸಲ್ ಕ್ರೆಡಿಟ್, ಚೈಲ್ಡ್ ಬೆನಿಫಿಟ್‌ನಂಥ ಭತ್ಯೆಗಳಿವೆ. ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಚಿಕಿತ್ಸೆ, ಶಾಲೆಯ ಉಚಿತ ಊಟ ಆ ಪಟ್ಟಿಯಲ್ಲಿಲ್ಲ, ಅವನ್ನು ಪಡೆಯಬಹುದು.

ಮೊದಲ ಕೆಲಸ ಜಿಪಿ (ಕುಟುಂಬ ವೈದ್ಯರ ಕ್ಲಿನಿಕ್) ನೋಂದಣಿ. ಗುರುತಿನ ಚೀಟಿ, ವಿಳಾಸದ ಪುರಾವೆ, ವೀಸಾ ಯಾವುದೂ ಕಡ್ಡಾಯವಲ್ಲ. ಅವಿಲ್ಲವೆಂದು ಹಿಂದೆ ಕಳಿಸುವಂತಿಲ್ಲ. ಅರ್ಜಿಯಲ್ಲಿ ಜನಾಂಗ ಕೇಳುವ ಕಡೆ 'ಇಂಡಿಯನ್' ಎಂದೇ ತುಂಬಿ, ಖಾಲಿ ಬಿಡಬೇಡಿ. ಹೃದ್ರೋಗದ ಅಪಾಯವನ್ನು ಲೆಕ್ಕ ಹಾಕುವ ಕ್ಯೂರಿಸ್ಕ್ ಆ ಮಾಹಿತಿಯನ್ನೂ ನೋಡುತ್ತದೆ. ತೂಕದ ಗೆರೆಯೂ ನಮಗೆ ಬೇರೆ: ಸಾಮಾನ್ಯವಾಗಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 25 ದಾಟಿದರೆ ಹೆಚ್ಚು ತೂಕ, ನಮಗೆ 23ಕ್ಕೇ.

ಬಸುರಿ ಎಂದು ತಿಳಿದ ಕೂಡಲೇ ಮಿಡ್‌ವೈಫ್ (ಬಸಿರು-ಹೆರಿಗೆ ನೋಡಿಕೊಳ್ಳುವ ದಾದಿ) ಸೇವೆಯನ್ನು ನೇರವಾಗಿ ಸಂಪರ್ಕಿಸಬಹುದು; ಮೊದಲ ಭೇಟಿ 10 ವಾರದೊಳಗೆ ಆದರೆ ಒಳ್ಳೆಯದು. ಮೆಟರ್ನಿಟಿ ಎಕ್ಸೆಂಪ್ಷನ್ ಸರ್ಟಿಫಿಕೇಟನ್ನು ಅವರಿಂದಲೇ ಕೇಳಿ ಪಡೆಯಿರಿ: ಹೆರಿಗೆಯಾಗಿ 12 ತಿಂಗಳವರೆಗೆ ಪ್ರಿಸ್ಕ್ರಿಪ್ಷನ್ ಔಷಧ ಉಚಿತ. ಅಷ್ಟೇ ಕಾಲ ಎನ್‌ಎಚ್‌ಎಸ್ ದಂತ ಚಿಕಿತ್ಸೆಯೂ ಉಚಿತ. ತಾಯಿ-ಮಗುವಿನ ಆರೋಗ್ಯ ವಿಚಾರಿಸುವ ದಾದಿ, ಅಂದರೆ ಹೆಲ್ತ್ ವಿಸಿಟರ್, ಬಸಿರಿನ ಕೊನೆಯಲ್ಲೊಮ್ಮೆ, ಮಗು ಹುಟ್ಟಿದ 10-14 ದಿನಕ್ಕೆ, 6-8 ವಾರಕ್ಕೆ, ವರ್ಷ ತುಂಬುವ ಹೊತ್ತಿಗೆ, ಎರಡು ದಾಟಿದಾಗ ನೋಡಬೇಕು. ಬರದಿದ್ದರೆ ನೀವೇ ಫೋನ್ ಮಾಡಿ.

ಕ್ಷಯ ತಡೆಯುವ ಬಿಸಿಜಿ ಇಲ್ಲಿ ಎಲ್ಲ ಮಕ್ಕಳಿಗೂ ಹಾಕುವ ಲಸಿಕೆಯಲ್ಲ. ಅಪ್ಪ, ಅಮ್ಮ, ಅಜ್ಜ, ಅಜ್ಜಿ ಇವರಲ್ಲಿ ಒಬ್ಬರು ಭಾರತದಲ್ಲಿ ಹುಟ್ಟಿದ್ದರೂ ಮಗುವಿಗೆ ಅರ್ಹತೆಯಿದೆ, ಸುಮಾರು 28 ದಿನಕ್ಕೆ ಕೊಡುತ್ತಾರೆ. ಇದನ್ನು ಬಸಿರಿನಲ್ಲೇ ಮಿಡ್‌ವೈಫ್‌ಗೆ ಹೇಳಿಡಿ, ಇಲ್ಲದಿದ್ದರೆ ಪಟ್ಟಿಯಿಂದ ಜಾರಿಹೋಗುತ್ತದೆ. ವಿಟಮಿನ್ ಡಿ ವಿಷಯದಲ್ಲೂ ಹೀಗೆಯೇ: ಉಳಿದವರಿಗೆ ಚಳಿಗಾಲದಲ್ಲಿ ಸಾಕು, ನಮ್ಮ ಮೈಬಣ್ಣದವರು ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ ತೆಗೆದುಕೊಳ್ಳುವುದನ್ನು ಯೋಚಿಸಬೇಕು ಎಂಬುದು ಎನ್‌ಎಚ್‌ಎಸ್ ಸಲಹೆ.

ಸರ್ಕಾರಿ ಶಾಲೆಯಲ್ಲಿ ರಿಸೆಪ್ಷನ್ (ಇಯರ್ 1ಕ್ಕೆ ಮುಂಚಿನ ತರಗತಿ), ಇಯರ್ 1, ಇಯರ್ 2 ಮಕ್ಕಳಿಗೆಲ್ಲ ಮಧ್ಯಾಹ್ನದ ಊಟ ಉಚಿತ.

ನಡುವಯಸ್ಸಿನ ಮುಖ್ಯ ಸೌಲಭ್ಯ ಎನ್‌ಎಚ್‌ಎಸ್ ಹೆಲ್ತ್ ಚೆಕ್. 40ರಿಂದ 74ರವರೆಗೆ ಐದು ವರ್ಷಕ್ಕೊಮ್ಮೆ, ಆಗಲೇ ಶುಗರ್, ಬಿಪಿ, ಹೃದ್ರೋಗ ಪತ್ತೆಯಾಗಿಲ್ಲದವರಿಗೆ. ರಕ್ತದ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 42-47 ಬಂದರೆ ಸಕ್ಕರೆ ಕಾಯಿಲೆ ತಡೆಯುವ 9 ತಿಂಗಳ ಉಚಿತ ಕಾರ್ಯಕ್ರಮಕ್ಕೆ ಕಳಿಸಿ ಎಂದು ಕೇಳಬಹುದು. ಕಾಯಿಲೆ ಬಂದು ಮಾತ್ರೆ ಶುರುವಾದರೆ ಔಷಧದ ಶುಲ್ಕ ವಿನಾಯಿತಿಯ ಎಫ್‌ಪಿ92ಎ ಅರ್ಜಿ ಜಿಪಿಯಲ್ಲಿ ಸಿಗುತ್ತದೆ, ಮಂಜೂರಾದರೆ ಶುಗರ್‌ಗೆ ಮಾತ್ರವಲ್ಲ, ಎಲ್ಲ ಪ್ರಿಸ್ಕ್ರಿಪ್ಷನ್‌ಗೂ ಹಣ ಕೊಡಬೇಕಿಲ್ಲ (2025ರ ದರ ಒಂದಕ್ಕೆ 9.90 ಪೌಂಡ್). ಸರ್ಟಿಫಿಕೇಟ್ ಬರುವ ಮುನ್ನವೇ 'ಉಚಿತ' ಎಂದು ಟಿಕ್ ಹಾಕಿದರೆ 100 ಪೌಂಡ್‌ವರೆಗೆ ದಂಡ ಬೀಳುತ್ತದೆ. ಪಥ್ಯದಲ್ಲೇ ಶುಗರ್ ಹಿಡಿತದಲ್ಲಿರುವವರಿಗೆ ಈ ವಿನಾಯಿತಿ ಇಲ್ಲ.

ಕ್ಯಾನ್ಸರ್ ಸ್ಕ್ರೀನಿಂಗ್ (ಮುಂಚಿತ ತಪಾಸಣೆ) ಕರೆ ಜಿಪಿಯಲ್ಲಿರುವ ವಿಳಾಸಕ್ಕೇ ಬರುತ್ತದೆ. ಗರ್ಭಕೊರಳಿಗೆ 25ರಿಂದ 64, ಸ್ತನಕ್ಕೆ 50ರಿಂದ 71ರೊಳಗೆ, ಕರುಳಿಗೆ 50ರಿಂದ 74ರವರೆಗೆ. ಮನೆ ಬದಲಿಸಿದಾಗ ಬ್ಯಾಂಕಿಗೆ ತಿಳಿಸಿ ಜಿಪಿಯನ್ನು ಮರೆತವರ ಪತ್ರ ಹಳೆಯ ಬಾಗಿಲಲ್ಲೇ ಬಿದ್ದಿರುತ್ತದೆ. 60 ದಾಟಿದವರಿಗೆ ಔಷಧ, ಕಣ್ಣಿನ ಪರೀಕ್ಷೆ ಎರಡೂ ಉಚಿತ. ಇಂಗ್ಲಿಷ್ ಬಾರದ ಹಿರಿಯರಿಗೆ ಅಪಾಯಿಂಟ್‌ಮೆಂಟ್ ಪಡೆಯುವಾಗಲೇ ದುಭಾಷಿ ಬೇಕೆಂದು ಹೇಳಿ, 'ಕನ್ನಡ' ಎಂದು ಒತ್ತಿ ಹೇಳಿ. ಇಲ್ಲವಾದರೆ ಹಿಂದಿಯವರು ಬಂದು ಕೂರುತ್ತಾರೆ. ಇದಕ್ಕೆ ಹಣ ಕೊಡಬೇಕಿಲ್ಲ.

ವಿಸಿಟರ್ ವೀಸಾದಲ್ಲಿ ಬರುವ ಅಪ್ಪ-ಅಮ್ಮಂದಿರ ಲೆಕ್ಕವೇ ಬೇರೆ. ಅವರಿಗೆ ಜಿಪಿ, ಎ ಆಂಡ್ ಇ (ಆಸ್ಪತ್ರೆಯ ತುರ್ತು ವಿಭಾಗ) ಉಚಿತ. ವಾರ್ಡಿಗೆ ಸೇರಿಸಿಕೊಂಡ ಮೇಲೆ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು ಬಿಲ್. 500 ಪೌಂಡ್ ಅಥವಾ ಹೆಚ್ಚು ಬಾಕಿ ಉಳಿದರೆ ಮುಂದಿನ ವೀಸಾಕ್ಕೆ ತೊಡಕಾಗಬಹುದು. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವಾಗ ಅವರ ಬಿಪಿ, ಶುಗರ್ ಮುಚ್ಚಿಡದೆ ಬರೆಸಿ. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕಾರವಾಗಬಹುದು.