ಒಂದೂವರೆ ತಾಸಿನ ಮಟ್ಟಿಗೆ ಮೂವತ್ತೊಂದು

ಚೀಟಿ ಹಾಕಿದ್ದು ಬಿಸಿಯೂಟದ ಅಡುಗೆಕೋಣೆಯಿಂದ ತಂದ ಬೇಳೆ ಡಬ್ಬಿಯಲ್ಲಿ. 2019ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ಶುರುವಾಯಿತಲ್ಲ, ನಾನು ಸಹಶಿಕ್ಷಕನಾಗಿದ್ದ ಶಾಲೆಗೂ ಒಂದು ಬಂದಿತ್ತು. ತರಗತಿಗೆ 30 ಮಕ್ಕಳು, ಒಬ್ಬರೂ ಹೆಚ್ಚಿಗೆ ಬೇಡ ಅಂತ ಮಿತಿ. ಅರ್ಜಿ ಬಂದದ್ದು 47. ಏಳನೇ ತರಗತಿಯ ಹುಡುಗಿಯೊಬ್ಬಳನ್ನು ಕರೆದು ಚೀಟಿ ಎತ್ತಿಸಿದೆವು. ಮೂವತ್ತು ಮುಗಿದು ಡಬ್ಬಿಗೆ ಮುಚ್ಚಳ ಹಾಕುವಾಗ ಒಬ್ಬ ತಾಯಿ, "ಇನ್ನೊಂದು ತಗೀರಿ ಸರ, ಸೀಟು ಬ್ಯಾಡ, ನಮ್ಮಾಕಿ ಹೆಸರು ಐತೇನು ಅಂತ ನೋಡ್ತೀನಿ ಅಷ್ಟ" ಅಂದರು. ತೆಗೆಯಲಿಲ್ಲ. ಇವತ್ತಿಗೂ ತೆಗೆಯಬೇಕಿತ್ತೋ ಬೇಡವೋ ಗೊತ್ತಾಗಿಲ್ಲ.

ಉಳಿದ 17 ಮಕ್ಕಳು ಎಲ್ಲಿ ಹೋದರು? ಪಕ್ಕದ ಕೋಣೆಗೆ, ಕನ್ನಡ ವಿಭಾಗಕ್ಕೆ. ಅಲ್ಲಿ ಮೊದಲೇ 37 ಇದ್ದರು. ಗೋಡೆಯ ಆಚೆ 30, ಈಚೆ 54. ಈಚೆಯ ಕೋಣೆಯ ಮೇಷ್ಟ್ರು ನಾನೇ. ಸರ್ಕಾರಿ ಶಾಲೆ ಬಂದ ಮಗುವನ್ನು ವಾಪಸ್ ಕಳಿಸುವಂತಿಲ್ಲ, ಕಳಿಸಲೂಬಾರದು. ಹಾಗಾಗಿ ಒಂದು ಕೋಣೆಗೆ ಮಾತ್ರ ಮಿತಿ ಹಾಕಿದರೆ ಮಕ್ಕಳೇನೂ ಕಡಿಮೆಯಾಗುವುದಿಲ್ಲ, ಗೋಡೆ ದಾಟುತ್ತಾರೆ.

ಆಮೇಲೆ ಬಡ್ತಿ ಸಿಕ್ಕಿ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಒಂದು ಊರಿಗೆ ಮುಖ್ಯಗುರುವಾಗಿ ಬಂದೆ. ಭತ್ತದ ಸೀಮೆ. ಒಂದರಿಂದ ಎಂಟರವರೆಗೆ 276 ಮಕ್ಕಳು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ಲೆಕ್ಕ ಹಾಕಿದೆ. ಒಂದರಿಂದ ಐದರವರೆಗೆ ನಮ್ಮಲ್ಲಿ 184 ಮಕ್ಕಳು. 121ರಿಂದ 200ರ ಒಳಗಿದ್ದರೆ ಐದು ಶಿಕ್ಷಕರು, 150 ದಾಟಿದ್ದಕ್ಕೆ ಒಬ್ಬ ಮುಖ್ಯಶಿಕ್ಷಕ. ಆರರಿಂದ ಎಂಟಕ್ಕೆ 92; 35ಕ್ಕೆ ಒಬ್ಬರಂತೆ ಮೂವರು. ಒಟ್ಟು ಒಂಬತ್ತು ಜನ. 276ನ್ನು 9ರಿಂದ ಭಾಗಿಸಿದರೆ 30.67. ಇಷ್ಟು ಚೆಂದದ ಅನುಪಾತ ಯಾರಿಗೆ ಬೇಡ? 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುವ 30ರ ಹತ್ತಿರಕ್ಕೇ ಬಂದಿದ್ದೇವೆ! (ಹಿಂದುಳಿದ ಪ್ರದೇಶಗಳಲ್ಲಿ 25 ಇರಲಿ ಅಂತಲೂ ಅದೇ ನೀತಿ ಹೇಳುತ್ತದೆ. ಅದನ್ನು ನಮ್ಮ ಕಡೆ ಯಾರೂ ಜೋರಾಗಿ ಓದುವುದಿಲ್ಲ.)

ಆದರೆ ಅನುಪಾತ ಶಾಲೆಯದು, ಕೋಣೆಯದಲ್ಲ. ಒಂಬತ್ತರಲ್ಲಿ ಒಂದು ಹುದ್ದೆ ಖಾಲಿ, ಒಬ್ಬರು ನಿಯೋಜನೆಯ ಮೇಲೆ ಬೇರೆ ಕಡೆ, ಒಬ್ಬರು ದೈಹಿಕ ಶಿಕ್ಷಕರು, ಒಬ್ಬ ನಾನು. ಉಳಿದವರಲ್ಲಿ ನಲಿಕಲಿಗೆ, ಅಂದರೆ ಮೊದಲ ಮೂರು ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಲಿಯುವ ಪದ್ಧತಿಗೆ, ಇಬ್ಬರು ಟೀಚರ್. ಒಂದು, ಎರಡು, ಮೂರನೇ ತರಗತಿ ಸೇರಿ 46, 41, 38. ಅಂದರೆ 125 ಮಕ್ಕಳು, ಎರಡು ಕೋಣೆ. ಒಂದರಲ್ಲಿ 62, ಇನ್ನೊಂದರಲ್ಲಿ 63. ಕಾಗದದ ಮೇಲಿನ 30.67 ಕೋಣೆಯ ಹೊಸ್ತಿಲು ದಾಟುವಷ್ಟರಲ್ಲಿ ಇಮ್ಮಡಿಯಾಗಿತ್ತು.

ನಲಿಕಲಿ ಗೊತ್ತಿದ್ದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಹುಟ್ಟಿದ ಪದ್ಧತಿ ಅದು. ಪ್ರತಿ ಮಗುವೂ ಕಾರ್ಡುಗಳ ಮೂಲಕ ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತಬೇಕು, ಮೈಲಿಗಲ್ಲು ಅಂದರೆ ಕಲಿಕೆಯ ಒಂದೊಂದು ಹಂತ ದಾಟಬೇಕು. ಐದು ತಟ್ಟೆ, ಅಂದರೆ ಐದು ಗುಂಪು: ಶಿಕ್ಷಕರ ಪೂರ್ಣ ಸಹಾಯದ ಗುಂಪು, ಭಾಗಶಃ ಸಹಾಯದ ಗುಂಪು, ಜೊತೆಗಾರರ ಸಹಾಯದವು ಎರಡು, ಕೊನೆಗೆ ಸ್ವಕಲಿಕೆ. ಮೂವತ್ತು ಮಕ್ಕಳಿದ್ದರೆ ತಟ್ಟೆಗೆ ಆರು. 62 ಇದ್ದರೆ ಪೂರ್ಣ ಸಹಾಯದ ತಟ್ಟೆಯ ಸುತ್ತಲೇ ಇಪ್ಪತ್ತು ಮಕ್ಕಳು ಕೂರುತ್ತಾರೆ. ಕೋಣೆ 20 ಅಡಿ ಉದ್ದ, 16 ಅಡಿ ಅಗಲ. ಟೀಚರ್ ಕೆಳಗೆ ಕೂತರೆ ಹಿಂದಿನ ಸಾಲು ಕಾಣುವುದಿಲ್ಲ, ಎದ್ದು ನಿಂತರೆ ಅದು ನಲಿಕಲಿಯೇ ಅಲ್ಲ.

ಮೊದಲು ಮಾಡಿದ ಕೆಲಸ ಎಣಿಸುವುದು. ದಾಖಲಾತಿಯನ್ನಲ್ಲ, ಬೆಳಗ್ಗೆ ಹನ್ನೊಂದಕ್ಕೆ ಕೋಣೆಯಲ್ಲಿ ನಿಜವಾಗಿ ಎಷ್ಟು ತಲೆ, ಎಷ್ಟು ಟೀಚರ್ ಇದ್ದಾರೆ ಅಂತ. ಹದಿನೈದು ದಿನ ಡೈರಿಯ ಹಿಂದಿನ ಪುಟದಲ್ಲಿ ಗೆರೆ ಎಳೆದೆ. ಇಬ್ಬರಲ್ಲಿ ಒಬ್ಬ ಟೀಚರ್ ತರಬೇತಿಗೋ ಗಣತಿಗೋ ಹೋದ ದಿನ ಒಂದೇ ಕೋಣೆಯಲ್ಲಿ ನೂರು ದಾಟಿತ್ತು. ಅಂಥ ದಿನಗಳು ಹದಿನೈದರಲ್ಲಿ ನಾಲ್ಕು. ಮಿತಿ ಮೀರುವುದು ಹೀಗೆ, ಮಕ್ಕಳು ಹೆಚ್ಚಾಗಿ ಅಲ್ಲ, ದೊಡ್ಡವರು ಕಡಿಮೆಯಾಗಿ.

ಎರಡನೆಯದು ನನ್ನ ತಪ್ಪು. ಅತಿಥಿ ಶಿಕ್ಷಕಿಯೊಬ್ಬರು ಬಂದರು. ಮೂರು ಕೋಣೆ ಮಾಡಬಹುದು ಅನ್ನುವ ಉತ್ಸಾಹದಲ್ಲಿ, ಓದಲು ಬರುವವರು, ಅರ್ಧ ಬರುವವರು, ಬಾರದವರು ಅಂತ ಮೂರು ಪಾಲು ಮಾಡಿದೆ. ಲೆಕ್ಕಕ್ಕೆ ಸರಿ. ನಾಲ್ಕನೇ ದಿನ ಊಟದ ಸಾಲಿನಲ್ಲಿ ಒಬ್ಬ ಹುಡುಗ ಇನ್ನೊಬ್ಬನಿಗೆ, "ನೀ ದಡ್ಡರ ಕ್ವಾಣಿಯಂವ, ಹಿಂದ ನಿಂದ್ರು" ಅಂದ. ನಾವು ಯಾರೂ ಆ ಹೆಸರು ಇಟ್ಟಿರಲಿಲ್ಲ. ಓದಲು ಬಾರದವರ ಕೋಣೆಯಲ್ಲಿ ಜೊತೆಗಾರರ ಸಹಾಯದ ತಟ್ಟೆಗಳೂ ಸತ್ತುಹೋಗಿದ್ದವು, ಸಹಾಯ ಮಾಡಲು ಬಲ್ಲವರೇ ಅಲ್ಲಿರಲಿಲ್ಲವಲ್ಲ. ಮೂರೇ ವಾರಕ್ಕೆ ಕಿತ್ತುಹಾಕಿದೆ.

ಮೂರನೆಯ ಸಲ ಗಟ್ಟಿಯಾಗಿ ಕೂತು ಯೋಚಿಸಿದೆವು. ದಿನವಿಡೀ ಚಿಕ್ಕ ತರಗತಿ ನಡೆಸುವಷ್ಟು ಜನ ಇಲ್ಲ. ಹಾಗಾದರೆ ಯಾವ ಹೊತ್ತಿಗೆ ಚಿಕ್ಕದಿರಲೇಬೇಕು? ಓದು ಮತ್ತು ಲೆಕ್ಕದ ಹೊತ್ತಿಗೆ. ಹಾಡು, ಕಥೆ, ಚಿತ್ರ, ಆಟಕ್ಕೆ ಅರವತ್ತು ಇದ್ದರೂ ನಡೆಯುತ್ತದೆ. ಹಾಡಿಗಂತೂ ಅರವತ್ತೇ ಚೆಂದ. ಹೀಗೆ ಪ್ರಾರ್ಥನೆ ಮುಗಿದ ಮೇಲಿನ ಮೊದಲ ಒಂದೂವರೆ ತಾಸು ನಾಲ್ಕು ಕೋಣೆ: ಇಬ್ಬರು ನಲಿಕಲಿ ಟೀಚರ್, ಅತಿಥಿ ಶಿಕ್ಷಕಿ, ನಾಲ್ಕನೆಯವನು ನಾನು. ಮೂರು ಕೋಣೆಗೆ 31, ಒಂದಕ್ಕೆ 32. ಹಂಚಿದ್ದು ಹಾಜರಿ ಪುಸ್ತಕದ ಕ್ರಮದಲ್ಲಿ, ಒಂದು ಎರಡು ಮೂರು ನಾಲ್ಕು ಎಂದು ಎಣಿಸಿ. ಬಲ್ಲವರು, ಬಾರದವರು ತಾವಾಗಿಯೇ ಕಲೆತರು. ಅಕ್ಕ ತಮ್ಮಂದಿರಿದ್ದ ಕಡೆ ಮಾತ್ರ ಕೈಯಾರೆ ಬದಲಿಸಿದೆ: ಎಲ್ಲರನ್ನೂ ಬೇರೆ ಮಾಡಿದೆ. ಅಕ್ಕಂದಿರು ತಮ್ಮಂದಿರ ಉತ್ತರ ತಾವೇ ಹೇಳಿಬಿಡುತ್ತಾರೆ.

ನಾಲ್ಕನೇ ಕೋಣೆ ಹಳೆಯ ಉಗ್ರಾಣ. ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಸುಣ್ಣ ಬಳಿಸಿ ಬಲ್ಬ್ ಹಾಕಿಸಿದರು. ನನ್ನ ಕೆಲಸ ಮಾತ್ರ ತಿರುಗಾಮುರುಗಾ ಆಯಿತು. ಎಸ್‌ಎಟಿಎಸ್ (ಮಕ್ಕಳ ಮಾಹಿತಿಯ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ನಮೂದು, ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ವಾಟ್ಸಾಪ್‌ನಲ್ಲಿ "ತುರ್ತು" ಅಂತ ಬರುವ ನಮೂನೆಗಳು, ಎಲ್ಲ ಹನ್ನೆರಡರ ನಂತರ. ಮೊದಲ ತಿಂಗಳು ಬೈಸಿಕೊಂಡೆ. ಸಭೆ ಇದ್ದ ದಿನ ನನ್ನ ಕೋಣೆಗೆ ದೈಹಿಕ ಶಿಕ್ಷಕರು ಬರುತ್ತಿದ್ದರು. ಪೀಪಿ ಊದದೆ ಮಕ್ಕಳನ್ನು ಕೂರಿಸಲು ಅವರಿಗೆ ಒಂದು ವಾರ ಬೇಕಾಯಿತು.

ಏನು ಬದಲಾಯಿತು? ಎರಡನೇ ತರಗತಿಯ ಒಬ್ಬ ಹುಡುಗ ಕಾರ್ಡು ಸರಾಗವಾಗಿ ಓದುತ್ತಾನೆ ಅಂತ ಮಕ್ಕಳ ಕಲಿಕೆ ಗುರುತಿಸುವ ಪ್ರಗತಿ ನೋಟದಲ್ಲಿ ಗುರುತಾಗಿತ್ತು. ನನ್ನ ಉಗ್ರಾಣದ ಕೋಣೆಯಲ್ಲಿ ಎರಡನೇ ವಾರ ಅವನ ಪಕ್ಕ ಕೂತೆ. ಗಟ್ಟಿಯಾಗಿ, ತಪ್ಪಿಲ್ಲದೆ ಓದಿದ. ಕಾರ್ಡು ತಲೆಕೆಳಗಾಗಿತ್ತು. ಒಂದು ವರ್ಷ ಜೊತೆಯವರ ದನಿ ಕೇಳಿ ಕೇಳಿ ಇಡೀ ಮೈಲಿಗಲ್ಲು ಬಾಯಿಪಾಠ ಮಾಡಿದ್ದ. ಎಂಥ ನೆನಪಿನ ಶಕ್ತಿ! ಅಂಥವರು ನಾಲ್ಕು ಕೋಣೆ ಸೇರಿ ಹನ್ನೊಂದು ಮಕ್ಕಳು ಸಿಕ್ಕರು. ನಮ್ಮ ಟೀಚರ್ ಇಬ್ಬರೂ ಸೋಮಾರಿಗಳಲ್ಲ. 62 ಮಕ್ಕಳ ಕೋಣೆಯಲ್ಲಿ ಯಾರ ಕೈಯಲ್ಲಿ ಕಾರ್ಡು ಹೇಗಿದೆ ಅಂತ ನೋಡಲು ಯಾರಿಗೂ ಆಗುವುದಿಲ್ಲ.

ಅಮೆರಿಕದ ಟೆನೆಸೀ ರಾಜ್ಯದಲ್ಲಿ 1985ರಿಂದ ನಾಲ್ಕು ವರ್ಷ ನಡೆದ ಸ್ಟಾರ್ ಪ್ರಯೋಗದ ಬಗ್ಗೆ ಓದಿದ್ದೆ. ಮಕ್ಕಳನ್ನು ಚೀಟಿ ಎತ್ತಿದಂತೆಯೇ ಚಿಕ್ಕ, ದೊಡ್ಡ ತರಗತಿಗಳಿಗೆ ಹಂಚಿದ್ದರು. ಚಿಕ್ಕ ತರಗತಿಯವರು ಮುಂದೆ ಬಂದರು, ಬಡ ಮಕ್ಕಳಿಗೆ ಮತ್ತು ಕಪ್ಪು ಮಕ್ಕಳಿಗೆ ಲಾಭ ಇನ್ನೂ ಹೆಚ್ಚು. ಚಿಕ್ಕದೆಂದರೆ 13ರಿಂದ 17, ದೊಡ್ಡದೆಂದರೆ 22ರಿಂದ 25. ಇದನ್ನು ಹೇಳಿದಾಗ ನಮ್ಮ ಟೀಚರ್ ನಕ್ಕು, "ಅವರ ದೊಡ್ಡದನ್ನೇ ನಮಗೆ ಕೊಡಿಸ್ರಿ ಸರ" ಅಂದರು.

ಇನ್ನೊಂದು ಮಾತು, ಮೇಷ್ಟ್ರುಗಳ ನಡುವೆಯೇ ಆಡುವಂಥದ್ದು. ಮಕ್ಕಳು ಕಡಿಮೆಯಾದರೆ ನಮಗೆ ಖುಷಿಯಾಗುವುದಿಲ್ಲ, ಭಯವಾಗುತ್ತದೆ. ದಾಖಲಾತಿ ಇಳಿದರೆ ಒಂದು ಹುದ್ದೆ "ಹೆಚ್ಚುವರಿ" ಆಗಿ ಮರುಹೊಂದಾಣಿಕೆಯಲ್ಲಿ ಹೋಗುತ್ತದೆ. ಹಾಗಾಗಿ ದಸರಾ ನಂತರ ಗುಳೆ ಹೋದ ಮನೆಗಳ ಮಕ್ಕಳ ಹೆಸರು ಹೊಡೆಯಲು ಯಾವ ಮುಖ್ಯಗುರುವಿನ ಕೈಯೂ ಬೇಗ ಏಳುವುದಿಲ್ಲ. ಮಲೆನಾಡಿನಲ್ಲಿರುವ ನನ್ನ ಗೆಳೆಯನಿಗೆ 12 ಮಕ್ಕಳು, ಐದು ತರಗತಿ, ಒಬ್ಬನೇ ಮೇಷ್ಟ್ರು. ಅವನನ್ನೂ ನನ್ನನ್ನೂ ಕೂಡಿಸಿ ಸರಾಸರಿ ತೆಗೆದರೆ ಇಬ್ಬರೂ ಸುಖವಾಗಿದ್ದೇವೆ.

ಈ ವರ್ಷ ಒಂದನೇ ತರಗತಿಗೆ 52 ಮಕ್ಕಳು ಬಂದಿದ್ದಾರೆ. ನಾಲ್ಕು ಕೋಣೆಗೆ ನಾಲ್ಕು ಪಟ್ಟಿ ಬರೆದು ಬಾಗಿಲಿಗೆ ಅಂಟಿಸಿದ್ದೇನೆ. ಅತಿಥಿ ಶಿಕ್ಷಕರ ನೇಮಕ ಇನ್ನೂ ಆಗಿಲ್ಲ. ಮೂರನೇ ಪಟ್ಟಿಯಲ್ಲಿ ಟೀಚರ್ ಹೆಸರಿನ ಜಾಗದಲ್ಲಿ ಸದ್ಯಕ್ಕೆ ನನ್ನದೇ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದಿದ್ದೇನೆ, ನಾಲ್ಕನೆಯದರಲ್ಲೂ.