ಹತ್ತು ನಾಟ್ ಎಂಬ ದುಬಾರಿ ವೇಗ: 22 ಅಡಿ ದೋಣಿಯಲ್ಲಿ ಪೆಟ್ರೋಲ್ ಉಳಿಸಿದ ನನ್ನ ಅನುಭವ

ಗೋವಾದ ಕೋಕೋ ಬೀಚಿನಲ್ಲಿ ಡಾಲ್ಫಿನ್ ಟ್ರಿಪ್ ಹೊಡೆಯುವ ತಾಂಡೇಲರಲ್ಲಿ (ದೋಣಿ ನಡೆಸುವವರಲ್ಲಿ), ಅದರಲ್ಲೂ ನಮ್ಮ ಕಾರವಾರ, ಅಂಕೋಲಾ ಕಡೆಯವರಲ್ಲಿ, ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಥ್ರಾಟಲ್ ಅರ್ಧಕ್ಕಿಟ್ಟು 9-10 ನಾಟಿನಲ್ಲಿ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿಲೋಮೀಟರ್) ಹೋದರೆ ಪೆಟ್ರೋಲ್ ಉಳಿಯುತ್ತೆ ಅಂತ. ಆ ವೇಗದಲ್ಲೇ ಮೈಲಿಗೆ ಅತಿ ಹೆಚ್ಚು ಸುಡುತ್ತೆ ಅಂತ ನಾನು ಹೇಳಿದಾಗ ಒಬ್ಬರೂ ಒಪ್ಪಲಿಲ್ಲ. ಈಗ ಎರಡು ಸೀಸನ್ನಿನ ಲೆಕ್ಕ ಕೈಯಲ್ಲಿದೆ. ಟ್ರಿಪ್ಪಿಗೆ ಸುಮಾರು 8 ಲೀಟರ್ ಕುಡಿಯುತ್ತಿದ್ದ ದೋಣಿ ಈಗ ಐದೂವರೆಯಲ್ಲಿ ಮುಗಿಸುತ್ತೆ. ದಾರಿಯೂ ಅದೇ, ಜನವೂ ಅಷ್ಟೇ.

ದೋಣಿ 22 ಅಡಿಯ ಫೈಬರ್, ಇಂಜಿನ್ ಯಮಹಾ ಎಂಡ್ಯೂರೋ 40 ಟೂ ಸ್ಟ್ರೋಕ್ ಓಬಿಎಂ, ಅಂದರೆ ದೋಣಿಯ ಹಿಂಬದಿಗೆ ಹೊರಗಿಂದ ಕೂರಿಸುವ ಇಂಜಿನ್. ಎಂಟು ಪ್ರವಾಸಿಗರು, ಇಬ್ಬರು ಕೆಲಸದವರು, ಟ್ಯಾಂಕು, ಲಂಗರು ಎಲ್ಲ ಸೇರಿ 1,300 ಕಿಲೋ ಆಸುಪಾಸು. ಇಷ್ಟು ಭಾರಕ್ಕೆ 40 ಹಾರ್ಸ್‌ಪವರ್ ಕಷ್ಟಪಟ್ಟು ಸಾಕಾಗುತ್ತೆ. ಅದಕ್ಕೇ ಸಣ್ಣ ತಪ್ಪೂ ದುಡ್ಡಾಗಿ ಕಾಣಿಸುತ್ತೆ.

ಎಲ್ಲರೂ ಮೋಸ ಹೋಗುವುದು ಗಂಟೆಯ ಲೆಕ್ಕದಲ್ಲಿ. 10 ನಾಟಿನಲ್ಲಿ ಗಂಟೆಗೆ ಹನ್ನೊಂದು ಹನ್ನೆರಡು ಲೀಟರ್, 15 ನಾಟಿನಲ್ಲಿ ಹದಿನಾಲ್ಕರ ಮೇಲೆ. ನೋಡಿದರೆ ಹತ್ತೇ ಅಗ್ಗ. ಆದರೆ ಪ್ರವಾಸಿಗರು ದುಡ್ಡು ಕೊಡುವುದು ಅಗ್ವಾದ ದೀಪಸ್ತಂಭದ ಕಡೆ ಹೋಗಿ ಬರೋದಕ್ಕೆ, ಗಂಟೆಗಲ್ಲ. ನಾಟಿಕಲ್ ಮೈಲಿಗೆ ಎಷ್ಟು ಲೀಟರ್ ಅಂತ ಭಾಗಿಸಿ ನೋಡಿದಾಗ ಚಿತ್ರವೇ ತಿರುಗಿತು. ನೆನಪಿನಿಂದ ಹೇಳುತ್ತೇನೆ, ಪೂರ್ತಿ ಭಾರ, ಹಳೇ ಪ್ರೊಪೆಲ್ಲರ್, ತಳದಲ್ಲಿ ಪಾಚಿ ಇದ್ದ ಸ್ಥಿತಿ: 5 ನಾಟಿನಲ್ಲಿ ಮೈಲಿಗೆ 0.6 ಲೀಟರ್, 7 ನಾಟಿನಲ್ಲಿ 0.85, 9-10ರಲ್ಲಿ 1.2, 12ರಲ್ಲಿ 1.1, 15ರಲ್ಲಿ 0.95, ಪೂರ್ತಿ ಥ್ರಾಟಲಿನ ಹದಿನಾರೂವರೆಯಲ್ಲಿ 1.15. ನಡುವೆ ಗುಡ್ಡ, ಎರಡೂ ಬದಿ ತಗ್ಗು.

ನೀರಿಗೆ ತಾಗುವ ಉದ್ದದ ಅಡಿಗಳಿಗೆ ವರ್ಗಮೂಲ ತೆಗೆದು 1.34ರಿಂದ ಗುಣಿಸಿದರೆ ನಮ್ಮ ದೋಣಿಗೆ ಆರು ನಾಟ್ ಚಿಲ್ಲರೆ ಬರುತ್ತೆ, ಅದು ದೋಣಿ ಎಬ್ಬಿಸುವ ಅಲೆ ದೋಣಿಯಷ್ಟೇ ಉದ್ದ ಆಗುವ ವೇಗ. ಅದರಾಚೆ ದೋಣಿ ತನ್ನದೇ ಅಲೆಯನ್ನು ಹತ್ತುತ್ತಾ ಮೂತಿ ಎತ್ತಿ, ಹಿಂಬದಿ ಮುಳುಗಿಸಿ ಹೋಗುತ್ತೆ. 12-13 ದಾಟಿದ ಮೇಲೆ ನೀರ ಮೇಲೆ ಎದ್ದು ಕೂರುತ್ತೆ. ನಡುವಿನ ವೇಗದಲ್ಲಿ ನಿಲ್ಲುವುದೆಂದರೆ ಪೆಟ್ರೋಲ್ ಸುರಿದು ಅಲೆ ಮಾಡಿದ ಹಾಗೆ. ಕೋಕೋ ಬೀಚಿನ ಪಕ್ಕದ ನೇರುಲ್ ಹೊಳೆಯಲ್ಲಿ ಇದು ಇನ್ನೂ ಕೆಟ್ಟದು. ಎರಡು ಮೂರು ಮೀಟರ್ ಆಳದ ನೀರಿನಲ್ಲಿ ಅಲೆ ಓಡಬಲ್ಲ ಗರಿಷ್ಠ ವೇಗವೇ ಎಂಟೂವರೆಯಿಂದ ಹತ್ತೂವರೆ ನಾಟ್. ನಾವು ಓಡಿಸುತ್ತಿದ್ದ ವೇಗ ಸರಿಯಾಗಿ ಅಲ್ಲೇ ಬೀಳುತ್ತಿತ್ತು. ದೋಣಿ ಎಳೆದು ಹಿಡಿದ ಹಾಗೆ ಆಗುವುದು, ದಡದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿಗೆ ಅಲೆ ಬಡಿಯುವುದು, ಸಣ್ಣ ಬಲೆ ದೋಣಿಯವರು ಬೈಯುವುದು, ಎಲ್ಲದಕ್ಕೂ ಕಾರಣ ಇದೊಂದೇ. ಈಗ ಹೊಳೆಯೊಳಗೆ 5 ನಾಟ್, ಅಳಿವೆ ದಾಟಿದ ಮೇಲೆ 15. ನಡುವೆ ಎಲ್ಲೂ ನಿಲ್ಲಲ್ಲ.

ಅಳೆಯುವುದರಲ್ಲೇ ಮೊದಲ ತಿಂಗಳು ಹಾಳಾಯಿತು. 24 ಲೀಟರ್ ಟ್ಯಾಂಕಿನ ಮುಳ್ಳು ನಂಬಿದರೆ ಕೆಲಸ ಕೆಟ್ಟಿತು, ಗೆರೆ ಇರುವ ಪಾರದರ್ಶಕ ಡಬ್ಬಿಯೂ ದೋಣಿ ಅಲುಗಿದಾಗ ಸುಳ್ಳು ಹೇಳುತ್ತೆ. ಕೊನೆಗೆ ಉಪಯೋಗಕ್ಕೆ ಬಂದದ್ದು ತೂಕ. 5 ಲೀಟರ್ ಕ್ಯಾನಿಗೆ ಹೋಸ್ ಹಾಕಿ, ಓಡಿಸುವ ಮೊದಲು ಮತ್ತು ನಂತರ ದಡದಲ್ಲಿ ನೇತುಹಾಕುವ ತಕ್ಕಡಿಯಲ್ಲಿ ತೂಗಿದೆ. ಒಂದು ಲೀಟರ್ ಅಂದರೆ 740 ಗ್ರಾಂ ಹತ್ತಿರ. ಹೋಸಿನ ನಡುವಿನ ರಬ್ಬರ್ ಬಲ್ಬ್ ಎರಡೂ ಸಲ ಗಟ್ಟಿಯಾಗುವವರೆಗೆ ಒತ್ತಿರಬೇಕು, ಇಲ್ಲದಿದ್ದರೆ ಹೋಸಿನೊಳಗಿನ ಪೆಟ್ರೋಲ್ ಲೆಕ್ಕ ಕೆಡಿಸುತ್ತೆ.

ಓಡಿಸಿದ್ದು ಮಾಂಡೋವಿಯಲ್ಲಿ, ರೇಸ್ ಮಾಗೋಸ್ ಕೋಟೆಯ ಎದುರಿಂದ ಬೇತಿ ಕಡೆಗೆ, ಬೆಳಿಗ್ಗೆ ಗಾಳಿ ಏಳುವ ಮೊದಲು. ಸೆಳೆತ ಕಳೆಯಲು ಹೋಗಿ ಬಂದು ಎರಡೂ ಕಡೆ ಅಳೆಯಬೇಕು, ಅದು ಎಲ್ಲರಿಗೂ ಗೊತ್ತು. ಆದರೆ ದೂರ ಸಮ ಮಾಡಬೇಡಿ, ಸಮಯ ಸಮ ಮಾಡಿ. ಐದು ನಿಮಿಷ ಮೇಲಕ್ಕೆ, ಐದು ನಿಮಿಷ ಕೆಳಕ್ಕೆ, ಅದೇ ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು). ಆಗ ಸೆಳೆತ ಪೂರ್ತಿ ಕಳೆದುಹೋಗುತ್ತೆ. ದೂರ ಸಮ ಮಾಡಿದರೆ ಎದುರು ನೀರಿನಲ್ಲಿ ಹೆಚ್ಚು ಹೊತ್ತು ಇರುತ್ತೀರಿ, ಹಾಗಾಗಿ ಲೆಕ್ಕ ಯಾವಾಗಲೂ ದುಬಾರಿ ಕಡೆಗೆ ವಾಲುತ್ತೆ. ಅಮಾವಾಸ್ಯೆ, ಹುಣ್ಣಿಮೆಯ ಇಳಿತದಲ್ಲಿ 5 ನಾಟಿನ ಓಟ ಅಳೆಯಲು ಹೋಗಿ ಈ ತಪ್ಪಿನಿಂದ ನಾಲ್ಕು ದಿನದ ಅಂಕಿ ಎಸೆಯಬೇಕಾಯಿತು.

ಭಾರ ಹಾಕಲು ಜನ ಬೇಡ. 35 ಲೀಟರಿನ ನೀರಿನ ಕ್ಯಾನ್ ತುಂಬಿ ಸೀಟಿನ ಜಾಗದಲ್ಲಿ ಇಟ್ಟರೆ ಸಾಕು, ಒಬ್ಬರಿಗೆ ಎರಡು ಕ್ಯಾನ್.

ಆರ್‌ಪಿಎಂ ತೋರಿಸುವ ಟ್ಯಾಕೋಮೀಟರ್ ಹಾಕಿದ ದಿನವೇ ಮುಖ್ಯ ರೋಗ ಗೊತ್ತಾಯಿತು. ಈ ಇಂಜಿನ್ ಪೂರ್ತಿ ಥ್ರಾಟಲಿನಲ್ಲಿ 4,500ರಿಂದ 5,500 ತಿರುಗಬೇಕು. 13 ಇಂಚು ಪಿಚ್ಚಿನ (ಒಂದು ಸುತ್ತಿಗೆ ಪ್ರೊಪೆಲ್ಲರ್ ಲೆಕ್ಕದಲ್ಲಿ ಮುಂದೆ ಸಾಗುವ ದೂರ) ಪ್ರೊಪೆಲ್ಲರಿನಲ್ಲಿ, ಪೂರ್ತಿ ಭಾರಕ್ಕೆ, 4,300ಕ್ಕೇ ಉಸಿರುಗಟ್ಟುತ್ತಿತ್ತು. ಏರುದಾರಿಯಲ್ಲಿ ಟಾಪ್ ಗೇರಿನಲ್ಲಿ ಎಳೆದ ಹಾಗೆ. ಪ್ಲಗ್ಗಿನಲ್ಲಿ ಮಸಿ, ಎಕ್ಸಾಸ್ಟ್ ಪೋರ್ಟಿನಲ್ಲಿ ಕಾರ್ಬನ್ ಇದರಿಂದಲೇ ಬರುತ್ತಿತ್ತು. ಒಂದು ಇಂಚು ಪಿಚ್ ಇಳಿಸಿದರೆ ಸುಮಾರು 200 ಆರ್‌ಪಿಎಂ ಏರುತ್ತೆ. 11 ಪಿಚ್ ಹಾಕಿದೆ, 4,700 ಬಂತು. ತಳ ಉಜ್ಜಿ, ಇಂಜಿನ್ ಎತ್ತಿದ ಮೇಲೆ 5,000. ಪಿಚ್ ಇಳಿಸಿದರೆ ಸ್ಪೀಡ್ ಹೋಗುತ್ತೆ ಅಂದವರಿಗೆ ಉತ್ತರ: ಭಾರದಲ್ಲಿ ಟಾಪ್ ಸ್ಪೀಡ್ ಹದಿನಾರೂವರೆಯಿಂದ ಹದಿನೇಳೂವರೆಗೆ ಏರಿತು. ಖಾಲಿ ದೋಣಿಯಲ್ಲಿ ಮಾತ್ರ ಎಚ್ಚರ ಬೇಕು, ಥ್ರಾಟಲ್ ಪೂರ್ತಿ ಕೊಟ್ಟರೆ ಆರ್‌ಪಿಎಂ 5,500 ದಾಟುತ್ತೆ.

ಇಂಜಿನ್ ಎತ್ತುವುದರಲ್ಲಿ ಅತಿಯಾಸೆ ಮಾಡಿ ಪೆಟ್ಟು ತಿಂದೆ. ಪ್ರೊಪೆಲ್ಲರ್ ಮೇಲಿನ ಅಡ್ಡ ಪ್ಲೇಟ್ ತಳಕ್ಕಿಂತ ಎರಡು ಇಂಚು ಕೆಳಗಿತ್ತು. ಇಂಜಿನ್ನಿನ ಅಷ್ಟು ಕಾಲು ನೀರಿನಲ್ಲಿ ಸುಮ್ಮನೆ ಎಳೆಯುತ್ತೆ. ಇಂಜಿನ್ ಕೂರುವ ಹಿಂಬದಿ ಹಲಗೆಯ ಮೇಲೆ 20 ಮಿಲಿಮೀಟರ್ ತುಂಡು ಕೊಟ್ಟಾಗ ಲಾಭ ಕಂಡಿತು. 40 ಕೊಟ್ಟೆ. ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ಎಳೆದು ಇಂಜಿನ್ ಕಿರುಚಿತು, ಅಲೆಯಲ್ಲಿ ಪೈಲಟ್ ನೀರು (ಇಂಜಿನ್ ತಣ್ಣಗಿಡುವ ನೀರಿನ ಹೊರಧಾರೆ) ಬಿಟ್ಟು ಬಿಟ್ಟು ಬಂತು. ಮತ್ತೆ ಇಳಿಸಿ 25ಕ್ಕೆ ನಿಲ್ಲಿಸಿದೆ. ಇಂಜಿನ್ನಿನ ಓರೆ ಹೊಂದಿಸುವ ಟಿಲ್ಟ್ ಪಿನ್ ಎರಡನೇ ತೂತಿನಲ್ಲಿ. ಮೂರನೆಯದರಲ್ಲಿ 15 ನಾಟಿಗೆ ಮೂತಿ ಕುಣಿಯುತ್ತೆ.

ದೊಡ್ಡ ನಷ್ಟ ಆದದ್ದು ಕಾರ್ಬ್ಯುರೇಟರಿನಲ್ಲಿ. ಮೇನ್ ಜೆಟ್ (ಪೆಟ್ರೋಲ್ ಹರಿಯುವ ತೂತಿನ ತುಂಡು) ಸಣ್ಣದು ಹಾಕಿದರೆ ಉಳಿಯುತ್ತೆ ಅನ್ನುವ ಮಾತು ಜೆಟ್ಟಿಯಲ್ಲಿ ಓಡಾಡುತ್ತೆ. ನಾನೂ ಹಾಕಿದೆ. ಮೂರು ವಾರ ಉಳಿಯಿತು ಕೂಡ, ಐದಾರು ಪರ್ಸೆಂಟ್. ನಾಲ್ಕನೇ ವಾರ ಮೇಲಿನ ಸಿಲಿಂಡರಿನ ಪಿಸ್ಟನ್ ಗೀಚಿಹೋಯಿತು. ಟೂ ಸ್ಟ್ರೋಕಿನಲ್ಲಿ ಆಯಿಲ್ ಬರೋದು ಪೆಟ್ರೋಲಿನ ಜೊತೆ, ಪೆಟ್ರೋಲ್ ಕಡಿಮೆ ಮಾಡಿದರೆ ಆಯಿಲ್ಲೂ ಕಡಿಮೆ, ಶಾಖ ಹೆಚ್ಚು. ಪಿಸ್ಟನ್, ರಿಂಗ್, ಗ್ಯಾಸ್ಕೆಟ್, ಮಜೂರಿ ಸೇರಿ 16,000 ಹೋಯಿತು. ಜೆಟ್ ಮುಟ್ಟಬೇಡಿ. 50:1 ಮಿಶ್ರಣ, ಅಂದರೆ ಲೀಟರಿಗೆ 20 ಮಿಲಿ, 24 ಲೀಟರ್ ಟ್ಯಾಂಕಿಗೆ 480 ಮಿಲಿ, ಅದರಲ್ಲೂ ಜಿಪುಣತನ ಬೇಡ.

ಈಗ ಪಂಪಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲಿನಲ್ಲಿ ಪೆಟ್ರೋಲಿನ ಮೂರನೇ ಎರಡರಷ್ಟೇ ಶಕ್ತಿ, ಹಾಗಾಗಿ ಎಥನಾಲ್ ಇಲ್ಲದ ಪೆಟ್ರೋಲಿಗಿಂತ ಆರೇಳು ಪರ್ಸೆಂಟ್ ಹೆಚ್ಚು ಸುಡುತ್ತೆ, ಆ ಕಾಲದ ಲೆಕ್ಕದ ಜೊತೆ ಹೋಲಿಸುವಾಗ ಇದನ್ನು ಕಳೆಯಿರಿ. ಅದಕ್ಕಿಂತ ಅಪಾಯ ನೀರಿನದು. ಎಥನಾಲ್ ಗಾಳಿಯ ತೇವ ಹೀರುತ್ತೆ. ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ತಳಕ್ಕೆ ಇಳಿದು ಬೇರೆ ಪದರವಾಗುತ್ತೆ, ಆ ಪದರದಲ್ಲಿ ಆಯಿಲ್ ಇರಲ್ಲ. ಪಿಕಪ್ ಪೈಪ್ ಹೀರುವುದು ತಳದಿಂದಲೇ. ಮಳೆಗಾಲದಲ್ಲಿ ದೋಣಿ ಮೇಲೆಳೆಯುವ ಮೊದಲು ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಕಾರ್ಬ್ಯುರೇಟರ್ ಬೌಲ್ ಒಣಗಿಸಿ. ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಲೈನಿನಲ್ಲಿ ಇರಲೇಬೇಕು.

ಪ್ರೊಪೆಲ್ಲರ್ ಮೇಲಿನ ಆ ಅಡ್ಡ ಪ್ಲೇಟಿಗೆ ಬೋಲ್ಟ್ ಹಾಕುವ ಪ್ಲಾಸ್ಟಿಕ್ ರೆಕ್ಕೆಯನ್ನೂ ನೋಡಿದೆ, 2,500 ಕೊಟ್ಟು. ದೋಣಿ ಒಂದು ನಾಟ್ ಕಡಿಮೆ ವೇಗದಲ್ಲೇ ಎದ್ದಿತು, ಆದರೆ 15ರಲ್ಲಿ ಏನೂ ಉಳಿಯಲಿಲ್ಲ. ಬಿಚ್ಚಿಟ್ಟೆ. ಅದರ ಕೆಲಸವನ್ನು ಪುಕ್ಕಟೆ ಮಾಡುವುದು ಭಾರ ಜರುಗಿಸುವಿಕೆ. ಟ್ಯಾಂಕು, ಲಂಗರು ಮುಂದಕ್ಕೆ, ಏಳುವಾಗ ಹಿಂದಿನ ಇಬ್ಬರು ನಡುವಿಗೆ. ಅಷ್ಟರಲ್ಲೇ ಏಳುವ ಸಮಯ 14 ಸೆಕೆಂಡಿನಿಂದ 8ಕ್ಕೆ ಬಂತು. ಪ್ರವಾಸಿಗರನ್ನು ಹತ್ತಿಸುವ ಕ್ರಮದಲ್ಲಿ ನನ್ನದೊಂದು ಲೆಕ್ಕ ಇದೆ, ಹಾಗೆಯೇ ಹಿಂಬದಿ ತಳದ ಅಂಚಿಗೆ ಎಪಾಕ್ಸಿಯಲ್ಲಿ ಮಾಡಿದ ಒಂದು ಕೆಲಸ. ಅವೆರಡನ್ನು ಇಲ್ಲಿ ಬರೆಯಲ್ಲ.

ಎಲ್ಲ ಆದ ಮೇಲೆ 4,200 ಆರ್‌ಪಿಎಂ, 15 ನಾಟ್, ಮೈಲಿಗೆ 0.78 ಲೀಟರ್. 5 ನಾಟಿನಲ್ಲಿ 0.55. ಡಾಲ್ಫಿನ್ ಕಂಡ ಜಾಗದಲ್ಲಿ ಓಡಾಟ ಈ 5ರಲ್ಲೇ. ಬೆನ್ನಟ್ಟಿದರೆ ಅವು ಮುಳುಗುತ್ತವೆ, ನಮ್ಮ ಪೆಟ್ರೋಲೂ ಮುಳುಗುತ್ತೆ. ಮಾರ್ಚ್ ನಂತರ ಮಧ್ಯಾಹ್ನದ ವಾಯುವ್ಯ ಗಾಳಿಗೆ ಅಗ್ವಾದ ಹೊರಗೆ 15 ಹಿಡಿಯಲು ಆಗಲ್ಲ. 13ರವರೆಗೆ ಇಳಿಸಬಹುದು, ಅಲ್ಲೂ ನಿಲ್ಲದಿದ್ದರೆ ನೇರ ಐದೂವರೆಗೆ ಬನ್ನಿ. 9ರಲ್ಲಿ ಗುದ್ದಿಕೊಂಡು ಬರುವುದಕ್ಕಿಂತ ಹತ್ತು ನಿಮಿಷ ತಡವಾಗುವುದು ಅಗ್ಗ.

ದುಡ್ಡಿನ ಲೆಕ್ಕ: ಪ್ರೊಪೆಲ್ಲರ್ 8,500, ಟ್ಯಾಕೋಮೀಟರ್ 2,200, ಹಳೇ ಹ್ಯಾಂಡ್‌ಹೆಲ್ಡ್ ಜಿಪಿಎಸ್ 6,000, ತಕ್ಕಡಿ 700. ದಂಡ ಹೋದದ್ದು ಹದಿನೆಂಟೂವರೆ ಸಾವಿರ. ಒಟ್ಟು 35,900. ಉಳಿತಾಯ ಟ್ರಿಪ್ಪಿಗೆ ಎರಡೂವರೆ ಲೀಟರ್, ದಿನಕ್ಕೆ ಮೂರು ಟ್ರಿಪ್, ಲೀಟರಿಗೆ 96 ಇದ್ದಾಗಿನ ಲೆಕ್ಕದಲ್ಲಿ ದಿನಕ್ಕೆ 720. ಸೀಸನ್ನಿನಲ್ಲಿ 150 ದಿನ ಓಡಿದರೆ ಲಕ್ಷ ದಾಟುತ್ತೆ, ಆಯಿಲ್ ಬೇರೆ. ತಳ ಮಾತ್ರ ಹದಿನೈದು ದಿನಕ್ಕೊಮ್ಮೆ ಉಜ್ಜಲೇಬೇಕು. ಚಿಪ್ಪು ಅಂಟಿ ತಿಂಗಳು ಬಿಟ್ಟಾಗ 0.78 ಇದ್ದದ್ದು 0.9ಕ್ಕೆ ಏರಿತ್ತು, 15 ಹಿಡಿಯಲು 4,500 ಬೇಕಾಗಿತ್ತು. ಆರ್‌ಪಿಎಂ ಹಾಗೆ 200 ಏರಿದ ದಿನ ನಾನು ದೋಣಿಯನ್ನು ಇಳಿತದಲ್ಲಿ ಮರಳಿಗೆ ಕೂರಿಸಿ ಉಜ್ಜುತ್ತೇನೆ.